ಬಿಟ್ಟ ದಡದ ಗುರುತು

ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಡ್ರೈವರನ ಬೆನ್ನ ಹಿಂದೆ, ಹಿಂದಕ್ಕೆ ಮುಖ ಮಾಡಿದ ಉದ್ದನೆಯ ಸೀಟೊಂದಿತ್ತು. ಅದರಲ್ಲಿ ಕೂತರೆ ತಲೆ ತಿರುಗುತ್ತದೆ, ತಿಂದದ್ದು ಬಾಯಿಗೆ ಬರುತ್ತದೆ ಎಂದು ಹಿಂದೂಪುರದ ಹೆಂಗಸರು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ನಿಂತೇ ಹೋದಾರು, ಅಲ್ಲಿ ಮಾತ್ರ ಕೂರರು. ರಾಮಾಂಜಿನೇಯ ಬಸ್ಸು ಹತ್ತಿದವನೇ ನೇರವಾಗಿ ಹೋಗಿ ಅಲ್ಲೇ ಕೂತ. ಅವನಿಗೆ ಮುಂದಕ್ಕೆ ನೋಡುತ್ತಾ ಹೋದರೇ ಹೊಟ್ಟೆ ತೊಳಸುತ್ತಿತ್ತು. ಎದುರಿಗೆ ಬರುವ ಲಾರಿ, ದಿಢೀರನೆ ಬಂದು ಮೈಮೇಲೆ ಬೀಳುವ ಮರ, ಎಲ್ಲವೂ ತನ್ನನ್ನು ಕೇಳದೆ ನುಗ್ಗಿದಂತೆ ಅನ್ನಿಸುತ್ತಿತ್ತು. ಹಿಂದಕ್ಕೆ ಮುಖ ಮಾಡಿ ಕೂತರೆ ಹಾಗಲ್ಲ, ದಾಟಿಯಾದದ್ದು ಮಾತ್ರ ಕಾಣುತ್ತದೆ, ಅದೂ ನಿಧಾನವಾಗಿ ಸಣ್ಣದಾಗುತ್ತಾ. ಪೆನುಗೊಂಡ ದಾಟಿದ ಮೇಲೆ ಹಿಂದಿನ ಗಾಜಿನ ನಡುಮಧ್ಯಕ್ಕೆ ಬೆಟ್ಟ ಬಂದು ನಿಂತಿತು. ಅವನ ಕಣ್ಣು ತಾನಾಗಿಯೇ ಅದನ್ನು ಹಿಡಿದುಕೊಂಡಿತು. ಬಸ್ಸು ಎಡಕ್ಕೆಳೆದಾಗ ಬೆಟ್ಟ ಗಾಜಿನ ಅಂಚಿಗೆ ಸರಿದರೆ ಇವನ ಬಲಗಾಲು ಬೂಟಿನೊಳಗೇ ಒಂದಿಷ್ಟು ತಿರುಗುತ್ತಿತ್ತು, ಬಸ್ಸನ್ನು ತಾನೇ ನೆಟ್ಟಗೆ ಮಾಡುವವನ ಹಾಗೆ.

ಮೈಮೇಲೆ ಕಡುನೀಲಿ ಬ್ಲೇಜರ್ ಇತ್ತು. ಜೇಬಿನ ಮೇಲೆ ದೇಶದ ಲಾಂಛನ, ಅದರ ಕೆಳಗೆ ಹಳದಿ ದಾರದಲ್ಲಿ ಅಡ್ಡಡ್ಡ ನೇಯ್ದ ದೋಣಿಯ ಎರಡು ಹುಟ್ಟು. ಮಳೆ ಮುಗಿದು ಮತ್ತೆ ಬಿಸಿಲು ಕಾದಿದ್ದ ಕಾರ್ತೀಕದಲ್ಲಿ ಬೆವರು ಬೆನ್ನಿನಿಂದ ಸೊಂಟಕ್ಕಿಳಿಯುತ್ತಿದ್ದರೂ ಅವನು ಒಂದು ಗುಂಡಿಯನ್ನೂ ಬಿಚ್ಚಲಿಲ್ಲ. ಎರಡು ವರ್ಷದಿಂದ ಟ್ರಂಕಿನ ತಳದಲ್ಲಿದ್ದ ಬಟ್ಟೆ ಅದು. ನೂಲಿನ ಫ್ಯಾಕ್ಟರಿಯ ಗೇಟಿನಲ್ಲಿ ಖಾಕಿ ತೊಟ್ಟು ನಿಂತವನಿಗೆ ಅದನ್ನು ಹಾಕಿಕೊಳ್ಳುವ ಸಂದರ್ಭವಾದರೂ ಯಾವುದು? ಕಂಡಕ್ಟರು ಟಿಕೆಟ್ಟಿಗೆ ಬಂದವನು ಅವನನ್ನು ಮೇಲಿಂದ ಕೆಳಕ್ಕೆ ನೋಡಿ, ಗುಂಡಿಯ ಮೇಲೆ ಕಣ್ಣು ನಿಲ್ಲಿಸಿ, ಪ್ರೀತಿಯಿಂದಲೇ ಕೇಳಿದ.

"ಪೆಳ್ಳಿಕಾ ಅಣ್ಣಾ, ಮದ್ವೆಗಾ? ಯಾವೂರ್ ಬ್ಯಾಂಡ್‌ಸೆಟ್ಟು ನಿಮ್ದು, ಗೋರಂಟ್ಲದೋರಾ?"

ಬಸ್ಸಿನ ಮೇಲೆ ಗೋಣಿತಾಟು ಸುತ್ತಿ ಕಟ್ಟಿದ್ದ ಎರಡು ಉದ್ದನೆಯ ಹುಟ್ಟುಗಳನ್ನು ಹತ್ತಿಸುವಾಗ ಈ ಕಂಡಕ್ಟರೇ ಕೈ ಕೊಟ್ಟಿದ್ದ. "ಮೇಲೆ ಕಟ್ಟಿರೋದು ಬಾಜಾನಾ ಹಂಗಾರೆ?" ಎಂದು ಅವನೇ ಮುಂದುವರಿಸಿದ. ಎದುರಿನ ಸೀಟುಗಳಲ್ಲಿದ್ದವರೆಲ್ಲ ಇವನ ಮುಖವನ್ನೇ ನೋಡುತ್ತಿದ್ದರು. ಹಿಮ್ಮುಖದ ಸೀಟಿನಲ್ಲಿ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ಹೇಳಬೇಕು, ಇದು ದೇಶದ ಬ್ಲೇಜರ್ ಕಣಪ್ಪ, ಇದನ್ನು ಅಂಗಡಿಯಲ್ಲಿ ಹೊಲಿಸಿಕೊಂಡಿಲ್ಲ ಎಂದು. ಹೇಳಿದರೆ ಯಾವ ಆಟ ಎನ್ನುತ್ತಾರೆ. ದೋಣಿ ಎಂದರೆ ನಗುತ್ತಾರೆ. ನಕ್ಕರೆ ಪರವಾಗಿಲ್ಲ, ಆಮೇಲೆ ಬಿಡಿಸಿ ಹೇಳಬೇಕಾಗುತ್ತದೆ. ರಾಮಾಂಜಿನೇಯ "ಹೂಂ" ಅಂದುಬಿಟ್ಟ. ಅಂದ ಮರುಕ್ಷಣವೇ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನ್ನುವಷ್ಟು ಸಿಟ್ಟು ಬಂತು. ಕಂಡಕ್ಟರನ ಮೇಲಲ್ಲ. ಆ "ಹೂಂ" ಅವನ ಬಾಯಲ್ಲಿ ಎಷ್ಟು ಸಲೀಸಾಗಿ ತಯಾರಿತ್ತು!

ಯಾವಾಗಲೂ ಹೀಗೆಯೇ. ನಾಲ್ವರ ದೋಣಿಯಲ್ಲಿ ಅವನದು ಮೂತಿಯ ಹತ್ತಿರದ ಸೀಟು. ನಾಲ್ವರೂ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಒಬ್ಬರ ಹಿಂದೊಬ್ಬರು ಕೂರುವ ಆಟದಲ್ಲಿ ಎಲ್ಲರಿಗಿಂತ ಹಿಂದಿನವನು ಅವನೇ. ಮಿಲಿಟರಿಯ ತಂಡದಲ್ಲಿ ಹನ್ನೊಂದು ವರ್ಷ ಅವನು ನೋಡಿದ್ದು ಮುಂದಿನವನ ಹೆಗ್ಗತ್ತು. ಅದರ ಮಚ್ಚೆ, ಅದರ ಬೆವರುಸಾಲೆ, ಮಿಲಿಟರಿ ಕ್ಷೌರಿಕ ಬ್ಲೇಡು ತಾಗಿಸಿದ ಗೀರು, ಎಲ್ಲವೂ ತನ್ನ ಅಂಗೈಗಿಂತ ಚೆನ್ನಾಗಿ ಗೊತ್ತಿತ್ತು. ದಡದ ಮೇಲೆ ನಿಂತವರಿಗೆ ಮೊದಲು ಕಾಣುವುದು ಆ ಕಡೆಯ ತುದಿಯವನ ಮುಖ, ಅವನ ಹಲ್ಲುಕಚ್ಚು, ಅವನ ಗೆಲುವು. ಆದರೆ ಗೆರೆ ದಾಟುವಾಗ? ಗೆರೆಯನ್ನು ಮೊದಲು ದಾಟುವುದು ದೋಣಿಯ ಮೂತಿ, ಮೂತಿಯ ಬೆನ್ನಿಗೇ ಇವನ ಬೆನ್ನು. ಗೆದ್ದ ಪಂದ್ಯಗಳಲ್ಲೆಲ್ಲ ಎಲ್ಲರಿಗಿಂತ ಮೊದಲು ಗೆರೆ ದಾಟಿದವನು ರಾಮಾಂಜಿನೇಯನೇ, ಅದೂ ಹಿಮ್ಮುಖವಾಗಿ, ಯಾರ ಕಣ್ಣಿಗೂ ಬೀಳದೆ. ಏಷ್ಯಾ ಮಟ್ಟದ ಪಂದ್ಯದಲ್ಲಿ ಬೆಳ್ಳಿ ಬಂದ ಮರುದಿನ ಪೇಪರಿನಲ್ಲಿ ಫೋಟೋ ಬಂತು. ಅದರಲ್ಲಿ ಮೂವರ ಮುಖ, ಮೂರನೆಯವನ ಭುಜದ ಪಕ್ಕದಲ್ಲಿ ಯಾರದೋ ಒಂದು ಮೊಣಕೈ. ಕೆಳಗೆ ಮೂವರ ಹೆಸರು ಅಚ್ಚುಹಾಕಿ, "ಮತ್ತಿತರರು" ಎಂದು ಬರೆದಿದ್ದರು. ಇದ್ದವರೇ ನಾಲ್ವರು. ಮತ್ತಿತರರು ಎಂದರೆ ಇವನೊಬ್ಬನೇ. ಇವನ ಹೆಸರಿನಷ್ಟೇ ಉದ್ದದ ಪದ ಅದು, ಜಾಗವಿರಲಿಲ್ಲ ಎನ್ನುವ ಹಾಗೂ ಇಲ್ಲ.

ಮುಂದಿನ ವರ್ಷ ದೊಡ್ಡ ಪಂದ್ಯದ ಬೆಳಿಗ್ಗೆ ದೋಣಿಯನ್ನು ಹೆಗಲಿಗೇರಿಸಿ ನೀರಿನವರೆಗೆ ತಂದಾಗ ಕೋಚ್ ಸಾಹೇಬರು ಅವನ ಹೆಗಲು ತಟ್ಟಿ, ಈ ಸಲ ಇನ್ನೊಬ್ಬ ಕೂರುತ್ತಾನೆ, ಮೇಲಿನವರು ಹೇಳಿದ್ದಾರೆ, ಅಡ್ಜಸ್ಟ್ ಕರ್ ಲೋ ಎಂದಿದ್ದರು. ರಾಮಾಂಜಿನೇಯ ಅಡ್ಜಸ್ಟ್ ಮಾಡಿಕೊಂಡ. ಹೊಸಬನಿಗೆ ಕಾಲಿಡುವ ಹಲಗೆಯನ್ನು ಅಳತೆಗೆ ಸರಿಪಡಿಸಿಯೂ ಕೊಟ್ಟ. ಆ ದೋಣಿ ಆ ದಿನ ಎತ್ತಿನ ಮೂತ್ರದ ಹಾಗೆ ಸೊಟ್ಟಸೊಟ್ಟ ಹೋಗಿ ಎಲ್ಲರಿಗಿಂತ ಕೊನೆಗೆ ಬಂದಾಗ, ಒಳಗೆ ಒಂದು ಖುಷಿ ಎದ್ದಿತ್ತು. ದೇಶ ಸೋತದ್ದಕ್ಕೆ ಖುಷಿ. ಆ ಖುಷಿಯ ನಾಚಿಕೆ ಇಂದಿಗೂ ಹೋಗಿರಲಿಲ್ಲ, ಅದನ್ನು ತನ್ನೊಳಗೆ ಹುಟ್ಟಿಸಿದವರ ಮೇಲಿನ ಸಿಟ್ಟೂ ಹೋಗಿರಲಿಲ್ಲ. ನಿವೃತ್ತನಾಗಿ ಬಂದ ಮೇಲೆ ಯಾವುದೋ ಆಫೀಸಿನಲ್ಲಿ ಕ್ರೀಡಾಪಟುಗಳಿಗೆ ಸನ್ಮಾನವಂತೆ ಎಂದು ಹೋದರೆ ಗುಮಾಸ್ತ ಕುರ್ಚಿ ತುಂಬ ನಕ್ಕಿದ್ದ, ಕುಡಿಯೋ ನೀರಿಗೇ ಗತಿ ಇಲ್ಲದ ಜಿಲ್ಲೇಲಿ ದೋಣಿ ಚಾಂಪಿಯನ್ನು ಎಲ್ಲಿಂದ ಬಂದ್ಬುಟ್ಟನಪ್ಪ ಎಂದು. ಪಕ್ಕದವರೂ ನಕ್ಕಿದ್ದರು. ಇವನೂ ನಕ್ಕಿದ್ದ.

ಹೆಂಡತಿ ವರಲಕ್ಷ್ಮಿ ಒಬ್ಬಳೇ ಒಂದು ಸಲ ಸರಿಯಾಗಿ ಕೇಳಿದ್ದಳು, ಮದುವೆಯಾದ ಹೊಸದರಲ್ಲಿ, ಅಕ್ಕಿ ಆರಿಸುತ್ತಾ. ಮುಂದೆ ನೋಡದೆ ನೆಟ್ಟಗೆ ಹೋಗೋದು ಹೆಂಗೆ? ಅವನು ಮೊರದ ಮೇಲೆಯೇ ಬೆರಳಿಟ್ಟು ತೋರಿಸಿದ್ದ. ಬಿಟ್ಟು ಬಂದ ದಡದಲ್ಲಿ ಒಂದು ಗುರುತು ಇಟ್ಟುಕೊಳ್ಳುತ್ತೇವೆ, ಮರವೋ ಕಂಬವೋ. ದೋಣಿಯ ಬಾಲ ಅದಕ್ಕೇ ನೆಟ್ಟಿರಬೇಕು. ಅದು ಕಣ್ಣೆದುರು ಕದಲದೆ ಇದ್ದರೆ ನಾವು ನೆಟ್ಟಗೆ ಹೋಗುತ್ತಿದ್ದೇವೆ ಎಂದು ಲೆಕ್ಕ. ನಾಲ್ವರಲ್ಲಿ ಅದನ್ನು ನೋಡಿಕೊಂಡು ಕಾಲಿನಲ್ಲಿ ಚುಕ್ಕಾಣಿ ತಿರುಗಿಸುವುದು ನನ್ನದೇ ಕೆಲಸ. ಅವಳು ಕಲ್ಲು ಹೆಕ್ಕಿ ಎಸೆದು, "ಅದು ದನ ಆಗಿದ್ರೆ?" ಅಂದಿದ್ದಳು. "ದನ ಆಗಿದ್ರೆ ಕೆಟ್ಟೆ ಕಣಮ್ಮ" ಎಂದು ಇವನು ನಕ್ಕಿದ್ದ. ಆಮೇಲೆ ಅವಳು ಆ ಮಾತು ಎತ್ತಿರಲಿಲ್ಲ. ಅವಳಿಗೆ ನೆನಪಿದ್ದ ಹಾಗೂ ಕಾಣಲಿಲ್ಲ.

ಇದೆಲ್ಲದರ ಮೇಲೆ ಹೋದ ವಾರ ಮಾವ ಮುತ್ಯಾಲಪ್ಪ ಫ್ಯಾಕ್ಟರಿ ಗೇಟಿನ ಫೋನಿಗೆ ಮಾಡಿದ್ದ. ಕಲ್ಯಾಣದುರ್ಗದ ಪಕ್ಕದ ಹಳ್ಳಿಯ ಹಿರಿಯ ಅವನು, ಅಳಿಯನನ್ನು ವಾಚ್‌ಮನ್ ಎಂದು ಊರಿನವರೆದುರು ಹೇಳಲಾರದೆ ಮಿಲಿಟರಿ ಎಂದು ತೇಲಿಸಿ ಮಾತಾಡುವವನು. "ಅಳಿಮಯ್ಯ, ಕೆರೆ ಕೋಡಿ ಬಿದ್ದೈತೆ. ನಿಮ್ಮ ಮದುವೆ ಆದ್ಮ್ಯಾಕೆ ಇದೇ ಮೊದ್ಲು. ಗಂಗಮ್ಮನ್ನ ತೆಪ್ಪದಾಗೆ ನಡುನೀರ್ಗೆ ಕರ್ಕೊಂಡ್ ಹೋಗಿ ಬರ್ಬೇಕು. ತೆಪ್ಪ ನಡ್ಸೋ ಮುದುಕ ಸತ್ತೋದ. ಊರೋರೆಲ್ಲ ನಿನ್ನೇ ಅಂದವ್ರೆ. ನೀನೇ ಅಲ್ವೇನಪ್ಪ ನಮ್ಮ ಚಾಂಪಿಯನ್ನು?" ಚಾಂಪಿಯನ್ನು ಎಂಬ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು. ರಾಮಾಂಜಿನೇಯ "ಬತ್ತೀನಿ ಮಾವ" ಎಂದವನು ಫೋನಿಟ್ಟ ಮೇಲೂ ರಿಸೀವರಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ. ಮಗ್ಗದ ಸಾಮಾನು ಮಾಡುವ ಬಡಗಿ ಶಂಕರಯ್ಯನ ಹತ್ತಿರ ಕೂತು ಎರಡು ಹುಟ್ಟು ಕೆತ್ತಿಸಿದ. ತನ್ನವರ ಕಣ್ಣೆದುರು, ತನ್ನವರ ನೀರಿನಲ್ಲಿ, ಒಂದೇ ಒಂದು ಸಲ ತಾನು ಏನು ಮಾಡಬಲ್ಲೆ ಎಂಬುದು ಕಂಡರೆ ಸಾಕಿತ್ತು. ಪೇಪರು, ಆಫೀಸು, ಸನ್ಮಾನ ಎಲ್ಲ ಹಾಳಾಗಲಿ ಎಂದುಕೊಂಡಿದ್ದ.

ಕೆರೆ ನಿಜಕ್ಕೂ ತುಂಬಿತ್ತು. ಕೆಂಪು ನೀರಿನಲ್ಲಿ ಜಾಲಿಮರಗಳು ಕತ್ತಿನವರೆಗೆ ಮುಳುಗಿ ನಿಂತಿದ್ದವು. ಬಲಗಡೆ ದೂರದಲ್ಲಿ ಕೋಡಿಯ ಕಲ್ಲಿನ ಮೇಲೆ ನೀರು ಹಾಯುವ ಸದ್ದು ಕೇಳುತ್ತಿತ್ತು. ಏರಿಯ ಮೇಲೆ ಇಡೀ ಊರೇ ನೆರೆದಿತ್ತು. ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ಬಿದಿರು ಕಟ್ಟಿ ಹಲಗೆ ಹೊಡೆದ ತೆಪ್ಪವನ್ನು ಬಾಳೆಕಂದು, ಬಲೂನುಗಳಿಂದ ಸಿಂಗರಿಸಿದ್ದರು. ರಾಮಾಂಜಿನೇಯ ಬ್ಲೇಜರ್ ಬಿಚ್ಚಿ, ಮೊದಲೇ ತೌರಿಗೆ ಬಂದಿದ್ದ ವರಲಕ್ಷ್ಮಿಯ ಕೈಗೆ ಕೊಟ್ಟ. ಅವಳು "ಇದ್ಯಾಕೆ ಈ ಬಿಸ್ಲಾಗೆ" ಎಂದು ತೋಳ ಮೇಲೆ ಹಾಕಿಕೊಂಡಳು. ಎರಡೂ ಬದಿಗೆ ಗೂಟ ಹೊಡೆದು, ಹಗ್ಗದ ಕುಣಿಕೆ ಮಾಡಿ ಹುಟ್ಟುಗಳನ್ನು ತೂರಿಸಿದ. ಕಾಲು ಒತ್ತಲು ಒಂದು ಅಡ್ಡಪಟ್ಟಿ ಬಿಗಿದ. ಕೈ ತಾನಾಗಿಯೇ ಕೆಲಸ ಮಾಡುತ್ತಿತ್ತು, ಎದೆ ಹಗುರವಾಗಿತ್ತು. ಮಾವ ಎಲ್ಲರಿಗೂ ಕೇಳುವಂತೆ, "ನೋಡ್ರಪ್ಪ, ಫಾರಿನ್ ಪದ್ಧತಿ" ಅಂದ.

ಅಮ್ಮನನ್ನು ಹೊರುವ ನರಸಕ್ಕ, ಹಣೆ ತುಂಬ ಅರಿಶಿನ ಬಳಿದುಕೊಂಡ ಮುದುಕಿ, ಬೇವಿನ ಸೊಪ್ಪು ಸುತ್ತಿದ ಬಿಂದಿಗೆಯನ್ನು ತಂದು ತೆಪ್ಪದ ಮುಂದಿನ ತುದಿಯಲ್ಲಿ, ಅದಕ್ಕೆ ಕಟ್ಟಿದ್ದ ಅಮ್ಮನ ಬೆಳ್ಳಿಯ ಮುಖ ನಡುನೀರಿನ ಕಡೆಗಿರುವಂತೆ ಕೂರಿಸಿದಳು. ರಾಮಾಂಜಿನೇಯ ಹಲಗೆಯ ಮೇಲೆ ಕೂತ. ಕೂತದ್ದು ತಾನು ಬಲ್ಲಂತೆ, ಏರಿಯ ಕಡೆಗೆ ಮುಖ ಮಾಡಿ. ಹುಟ್ಟಿನ ಹಿಡಿಗೆ ಬೆರಳು ಸುತ್ತಿದ. ಮೈಯೊಳಗೆ ಆ ಹಳೆಯ ಮೌನ ಇಳಿಯತೊಡಗಿತು.

"ಅಯ್ಯೋ ಅಯ್ಯೋ!" ನರಸಕ್ಕ ಕೂಗಿದಳು. "ಅಮ್ಮನಿಗೆ ಬೆನ್ನು ಹಾಕಿ ಕೂತವ್ನಲ್ರಪ್ಪ! ಲೇಯ್, ತಿರುಗ್ಲಾ!"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಇದನ್ನು ತಾನು ಯೋಚಿಸಿರಲೇ ಇಲ್ಲ. ಹುಟ್ಟಿನ ಉದ್ದ, ಮರದ ತೂಕ, ಗೂಟದ ಜಾಗ ಎಲ್ಲ ಯೋಚಿಸಿದ್ದ, ದೇವರಿಗೆ ಬೆನ್ನಾಗುತ್ತದೆ ಎಂಬುದು ಮಾತ್ರ ತಲೆಗೆ ಬಂದಿರಲಿಲ್ಲ. "ಹುಟ್ಟು ಹಾಕೋದೇ ಹಿಂಗೆ ಕಣವ್ವ. ಪ್ರಪಂಚದಾಗೆಲ್ಲ ಹಿಂಗೇನೆ" ಎಂದ. ಟೀ ಅಂಗಡಿಯ ಜಯಣ್ಣ ಏರಿಯ ಮೇಲಿಂದ, "ಹೋಗೋ ದಾರೀನೇ ನೋಡ್ದೆ ಹೋಗೋ ಆಟ ಯಾವ್ದಣ್ಣೋ? ನಮ್ಮ ಕುರಿಗಳೂ ಮುಂದೆ ನೋಡ್ಕೊಂಡೇ ಹೋಯ್ತವೆ" ಅಂದ. ಏರಿಯ ಉದ್ದಕ್ಕೂ ನಗು ಹರಿಯಿತು.

"ಹಂಗಾರೆ ಅಮ್ಮನ್ನ ಇತ್ತ ಇಡ್ರಿ, ನನ್ನ ಎದುರ್ಗೆ, ಹಿಂದಿನ ತುದೀಲಿ. ಮುಖ ನೋಡ್ಕೊಂಡೇ ಹೊಡೀತೀನಿ" ಎಂದ ರಾಮಾಂಜಿನೇಯ. ದನಿ ಗೋಗರೆಯುತ್ತಿದ್ದದ್ದು ಅವನಿಗೇ ಕೇಳಿಸಿತು.

"ಅಮ್ಮ ಹಿಂದ್ಗಡೆ, ನೀನು ಮುಂದ್ಗಡೆನಾ? ನೀನ್ಯಾವ ಮಹಾರಾಜ?" ನರಸಕ್ಕ ಬೇವಿನ ಕೊಂಬೆಯನ್ನು ಅವನತ್ತ ಚಾಚಿದಳು.

ಮುತ್ಯಾಲಪ್ಪ ಮೊಣಕಾಲು ನೀರಿಗಿಳಿದು ಬಂದು ಅಳಿಯನ ಕಿವಿಯ ಹತ್ತಿರ ಬಗ್ಗಿದ. ಅವನ ಮುಖ ಬೆವೆತಿತ್ತು. "ಮರ್ಯಾದೆ ಕಳೀಬ್ಯಾಡ ಅಳಿಮಯ್ಯ. ಒಂಚೂರು ತಿರುಗಿ ಕೂತ್ಕೊ. ಅತ್ತಗೆ ಎಳೆಯೋದ್ನ ಇತ್ತಗೆ ತಳ್ಳಿದ್ರಾಯ್ತಪ್ಪ. ಕೊಂಚ ಅಡ್ಜಸ್ಟ್ ಮಾಡ್ಕೊ."

ಕೋಚ್ ಸಾಹೇಬರದ್ದೇ ಮಾತು, ಅದೇ ಹೆಗಲು ತಟ್ಟುವ ಕೈ. ಇಲ್ಲ ಎನ್ನಬೇಕು ಎಂದು ಬಾಯಿ ತೆರೆದ. ಆದರೆ ಬಸ್ಸಿನಲ್ಲಿ "ಹೂಂ" ಎಂದ ಬಾಯಿ ಅದು. ವರಲಕ್ಷ್ಮಿ ತಲೆ ತಗ್ಗಿಸಿ ನಿಂತಿದ್ದಳು. ಅವಳ ತೌರು ಇದು. ರಾಮಾಂಜಿನೇಯ ಎದ್ದು ತಿರುಗಿ ಕೂತ. ಈಗ ಎದುರಿಗೆ ಬೇವಿನ ಸೊಪ್ಪಿನೊಳಗಿಂದ ಇಣುಕುವ ಬಿಂದಿಗೆಯ ಹಿಂಭಾಗ. ಮತ್ತೊಂದು ಹೆಗ್ಗತ್ತು, ಅಷ್ಟೇ. ಹೆಂಗಸರು ಹಾಡತೊಡಗಿದರು. ಯಾರೋ ತೆಪ್ಪವನ್ನು ತಳ್ಳಿದರು.

ತಳ್ಳುವುದು ಅವನ ಮೈಗೆ ಬರಲಿಲ್ಲ. ಕಾಲಿಗೆ ಒತ್ತು ಇಲ್ಲ, ಬೆನ್ನಿಗೆ ಕೆಲಸವಿಲ್ಲ, ಎಳೆತಕ್ಕೆಂದು ಕಟ್ಟಿದ ಕುಣಿಕೆ ತಳ್ಳಿದರೆ ಸಡಿಲವಾಗಿ ಜಾರುತ್ತಿತ್ತು. ಬಲಗಡೆಯ ಹುಟ್ಟು ನೀರನ್ನು ಕೆನ್ನೆಗೆ ಎರಚಿತು. ತೆಪ್ಪ ಒಂದು ಮಾರು ಹೋಗಿ ಎಡಕ್ಕೆ ಸೊಟ್ಟಗಾಯಿತು, ಸರಿಪಡಿಸಹೋದರೆ ಇಡೀ ತೆಪ್ಪ ಗಾಣದೆತ್ತಿನ ಹಾಗೆ ಸುತ್ತು ಹೊಡೆಯಿತು. ಸುತ್ತಿದ ತೆಪ್ಪದ ಮೇಲೆ ಅಮ್ಮನೂ ಸುತ್ತಿದಳು. ಒಂದು ಸಲ ಕೋಡಿಗೆ, ಒಂದು ಸಲ ಜಾಲಿಗೆ, ಒಂದು ಸಲ ನಡುನೀರಿಗೇ ಬೆನ್ನು ಹಾಕಿದಳು. ಅದಕ್ಕೆ ಯಾರೂ ಅಯ್ಯೋ ಅನ್ನಲಿಲ್ಲ. ಹಾಡು ನಿಂತಿತು. ನಗು ಶುರುವಾಯಿತು, ಮೊದಲು ಗಂಡಸರದು, ಆಮೇಲೆ ಸೆರಗಿನೊಳಗಿನದು. "ಇವ್ನೇನಾ ಚಾಂಪಿಯನ್ನು?" ಎಂದ ಜಯಣ್ಣನ ದನಿ ನೀರಿನ ಮೇಲೆ ಸ್ಪಷ್ಟವಾಗಿ ಬಂತು. "ಮುತ್ಯಾಲಪ್ಪೋ, ನಿನ್ನ ಅಳಿಯ ದೋಣೀಲಿ ಅಡುಗೆ ಮಾಡ್ತಿದ್ದನೇನೋ ವಿಚಾರ್ಸು!" ಮಾವ ನಗುತ್ತಿದ್ದ. ಬೇರೆ ದಾರಿಯಿಲ್ಲದೆ ನಗುತ್ತಿದ್ದ, ಆ ಆಫೀಸಿನಲ್ಲಿ ತಾನು ನಕ್ಕ ಹಾಗೆಯೇ. ಅದನ್ನು ನೋಡಿದ್ದೇ ರಾಮಾಂಜಿನೇಯನ ಒಳಗೆ ಏನೋ ಕಿತ್ತುಬಂತು. ಕೈ ಕಟ್ಟಿ ನೀರಿಗೆ ತಳ್ಳಿ, ಈಜು ಬರಲ್ಲ ನೋಡು ಎನ್ನುವ ಜನ! ಇವರು ಹೇಳಿದಂತೆ ಕೇಳಿದ್ದಕ್ಕೇ ಈ ನಗು. ಕೇಳದಿದ್ದರೆ ಬೈಗುಳವಾದರೂ ಸಿಗುತ್ತಿತ್ತು. ಬೈಗುಳಕ್ಕೆ ಎಷ್ಟೋ ಮರ್ಯಾದೆಯಿದೆ.

ಅವನು ಹುಟ್ಟುಗಳನ್ನು ಎತ್ತಿ ಹಿಡಿದು ಸುಮ್ಮನೆ ಕೂತ. ತೆಪ್ಪ ತಾನಾಗಿ ಸುತ್ತಿ, ನಿಧಾನಿಸಿ, ಅಮ್ಮನ ಮುಖ ಮತ್ತೆ ನಡುನೀರಿಗೆ ಬರುವವರೆಗೆ ಕಾದ. ಆಮೇಲೆ ಎದ್ದು ತಿರುಗಿದ. ಅಡ್ಡಪಟ್ಟಿಗೆ ಕಾಲು ಕೊಟ್ಟು ಅವಳಿಗೆ ಬೆನ್ನು ಮಾಡಿ, ಊರಿಗೆ ಮುಖ ಮಾಡಿ ಕೂತ. ದಾರಿ ನೀನು ನೋಡಿಕೋ ತಾಯಿ ಎಂದ, ಗಟ್ಟಿಯಾಗಿಯೇ. ಮುಂದಕ್ಕೆ ಬಾಗಿ, ನೀರಿಗೆ ಹುಟ್ಟು ಕಚ್ಚಿಸಿ, ಎಳೆದ.

ಡ್ರಮ್ಮುಗಳು ನರಳಿದವು, ಒಂದು ಬಲೂನು ಒಡೆಯಿತು. ಎರಡನೆಯ ಎಳೆತಕ್ಕೆ ತೆಪ್ಪ ನೀರನ್ನು ಒಪ್ಪಿಕೊಂಡಿತು. ಮೂರನೆಯದಕ್ಕೆ ನಗು ನಿಂತಿತು. ನರಸಕ್ಕ ಬೇವಿನ ಕೊಂಬೆ ಎತ್ತಿ ಏನೋ ಚೀರುತ್ತಿದ್ದಳು, ಜಯಣ್ಣನ ಬಾಯಿ ತೆರೆದೇ ಇತ್ತು, ಮಾವ ಎರಡೂ ಕೈಯಿಂದ ಬಾ ಬಾ ಎಂದು ಕರೆಯುತ್ತಿದ್ದ. ಅವರ ಮಾತು ಕೇಳಿಸುತ್ತಿರಲಿಲ್ಲ. ಅವರ ಮುಖಗಳು ಮಾತ್ರ ಎಲ್ಲವೂ ಒಟ್ಟಿಗೆ ಕಾಣುತ್ತಿದ್ದವು. ರಾಮಾಂಜಿನೇಯನಿಗೆ ಆಗ ಗೊತ್ತಾಯಿತು, ಹುಟ್ಟು ಹಿಡಿದ ಲಾಗಾಯ್ತಿನಿಂದ ಇದೇ ಮೊದಲ ಸಲ ಅವನ ಕಣ್ಣೆದುರು ಯಾರ ಹೆಗ್ಗತ್ತೂ ಇರಲಿಲ್ಲ. ಎಳೆದಷ್ಟೂ ಮುಖಗಳು ಸಣ್ಣವಾಗುತ್ತಿದ್ದವು. ನೋಡಿ ಎಂದ ಒಳಗೇ, ನೋಡಿ, ಚೆನ್ನಾಗಿ ನೋಡಿ, ಇದೇ ಆಟ, ನನ್ನ ಹೆಸರು ರಾಮಾಂಜಿನೇಯ.

ಆದರೆ ಸುತ್ತ ಜಾಲಿಮರಗಳಿದ್ದವು. ನಡುವೆ ಒಂದೇ ಓಣಿ, ಸೊಟ್ಟಗಾದರೆ ಡ್ರಮ್ಮಿಗೆ ಮುಳ್ಳು. ಗುರುತು ಬೇಕಿತ್ತು. ಅವನ ಕಣ್ಣು ಏರಿಯ ಮೇಲೆ ಹುಡುಕಿತು, ಮರವಿಲ್ಲ, ಕಂಬವಿಲ್ಲ, ಬರೀ ಜನ. ಜನರ ನಡುವೆ ಒಂದು ಕಡುನೀಲಿ. ವರಲಕ್ಷ್ಮಿಯ ತೋಳಿನ ಮೇಲಿದ್ದ ಬ್ಲೇಜರ್. ತೆಪ್ಪದ ಹಿಂದಿನ ತುದಿಯನ್ನು ಅದಕ್ಕೇ ನೆಟ್ಟ.

ಅಷ್ಟರಲ್ಲಿ ಊರು ಕದಲಿತು. ತೆಪ್ಪವನ್ನು ಕೋಡಿಯ ಹತ್ತಿರ ಹಿಡಿಯಿರಿ ಎಂದು ಯಾರೋ ಕೂಗಿರಬೇಕು. ಗಂಡಸರು ಪಂಚೆ ಎತ್ತಿಕಟ್ಟಿ ಏರಿಯ ಮೇಲೆ ಅತ್ತಲೇ ಓಡಿದರು, ಅವರ ಹಿಂದೆ ಹೆಂಗಸರು, ಅವರ ಹಿಂದೆ ಅರಿಶಿನದ ನರಸಕ್ಕ. ಮುತ್ಯಾಲಪ್ಪ ಓಡುತ್ತಾ ಮಗಳ ರಟ್ಟೆ ಹಿಡಿದು ಜಗ್ಗಿದ. ನೀಲಿ ಒಂದು ಸಲ ಅಲುಗಿತು. ಅದರೊಟ್ಟಿಗೆ ತೆಪ್ಪವೂ ಓರೆಯಾಯಿತು, ಎಡಗಡೆಯ ಜಾಲಿಯ ಕೊಂಬೆ ಹುಟ್ಟನ್ನು ಸವರಿತು.

ಅವಳು ಅಪ್ಪನ ಕೈ ಬಿಡಿಸಿಕೊಂಡಳು. ತೋಳ ಮೇಲಿದ್ದ ಬ್ಲೇಜರನ್ನು ಬಿಡಿಸಿ, ಅದರ ಭುಜ ಎರಡನ್ನೂ ಹಿಡಿದು, ಎದೆಯ ಮುಂದೆ ಅಗಲವಾಗಿ ಹರಡಿ ನಿಂತಳು. ಖಾಲಿಯಾದ ಏರಿಯ ಮೇಲೆ ಅವಳೊಬ್ಬಳೇ. ಅವನು ಬಾಗಿದ, ಎಳೆದ, ಮತ್ತೆ ಬಾಗಿದ. ವರಲಕ್ಷ್ಮಿ ಕದಲಲಿಲ್ಲ.